ಲಿಫ್ಟಣ್ಣ ಉದ್ದಕ್ಕೆ ಹೊರಟದ್ದು

ಊರಿನ ಅರವತ್ತು ಎಪ್ಪತ್ತು ಕಟ್ಟಡಗಳ ಕಾವಲುಗಾರರಿಗೂ ಬಾಡಿಗೆದಾರರಿಗೂ ಅವನು ಲಿಫ್ಟಣ್ಣ. ಹತ್ತೊಂಬತ್ತು ವರ್ಷದಿಂದ ಲಿಫ್ಟ್ ರಿಪೇರಿ. ಸೊಂಟದಲ್ಲಿ ಟಾರ್ಚು, ಜೇಬಿನಲ್ಲಿ ಬಾಗಿಲು ತೆರೆಯುವ ಮೂರು ಮೂಲೆಯ ಕೀಲಿ, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಗ್ರೀಸಿನ ಗೆರೆ ಉಗುರುಸಂದಿಯಲ್ಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಲೆ ಹೋಗುವುದು, ಕೆಳಗೆ ಬರುವುದು. ಊರು ಬಿಟ್ಟು ಅವನು ಹೋಗಿದ್ದೆಂದರೆ ಎರಡೂವರೆ ಗಂಟೆ ದೂರದ ಸೋದರಮಾವನ ಮನೆಗೆ, ಅದೂ ಮದುವೆಯಾದ ಹೊಸತರಲ್ಲಿ.

ಅಂಥವನ ತಲೆಯಲ್ಲಿ ಹುಳ ಬಿಟ್ಟಿದ್ದು ಒಬ್ಬ ಮುದುಕ. ಒಂದು ಮಧ್ಯಾಹ್ನ ಯಾವುದೋ ಕಚೇರಿಯ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಒಳಗೆ ಒಬ್ಬರೇ ಇದ್ದರು, ಬಾಗಿಲು ಬಡಿಯುತ್ತಿದ್ದರು. ಗೋದಾಮಿನಿಂದ ಒಂದು ಸಾಮಾನು ಬರುವವರೆಗೆ ಏನೂ ಮಾಡುವಂತಿರಲಿಲ್ಲ. ಲಿಫ್ಟಣ್ಣ ಐದನೇ ಮಹಡಿಯ ನೆಲದ ಮೇಲೆ ಮಲಗಿ ಬಾಗಿಲ ಸಂದಿಗೆ ಬಾಯಿಟ್ಟ.

"ಯಜಮಾನ್ರೇ, ಹೆದರ್ಬೇಡಿ. ಇದು ಬೀಳೋದಿಲ್ಲ, ನನ್ನ ಮಾತು ನಂಬಿ. ಅಲ್ಲಿವರೆಗೆ ಏನಾದ್ರೂ ಮಾತಾಡ್ತಾ ಇರೋಣ. ನೀವೇನು ಕೆಲಸ ಮಾಡ್ತಿದ್ರಿ?"

"ಲಾರಿ! ಮೂವತ್ತೆಂಟು ವರ್ಷ ಲಾರಿ ಓಡಿಸಿದೀನಿ. ಒಂದಿನಾನೂ ಇಂಥ ಡಬ್ಬಿಯಲ್ಲಿ ಸಿಕ್ಕಿಹಾಕ್ಕೊಂಡಿಲ್ಲ!"

"ಹಾಗಾದ್ರೆ ನನ್ನನ್ನೂ ಲಾರಿ ಹತ್ತಿಸ್ಕೊಳ್ಳಿ. ಈ ಕಡಲಿಂದ ಹೊರಡೋಣ, ಆ ಕಡಲವರೆಗೆ. ಎಲ್ಲೂ ಬಿಡಬೇಡಿ, ಪೂರ್ತಿ ದಾರಿ ಹೇಳಿ."

ಮುದುಕ ಮೊದಲು ಗೊಣಗಿದರು, ಆಮೇಲೆ ಹೊರಟರು. ಬಂದರಿನ ಗೇಟು, ಉಪ್ಪಿನ ಗದ್ದೆಗಳು, ಇಪ್ಪತ್ತೆರಡು ತಿರುವಿನ ಘಟ್ಟ. ನಿದ್ದೆ ಬರಬಾರದೆಂದು ಡ್ರೈವರುಗಳೆಲ್ಲ ಹಾಡಿಕೊಂಡೇ ದಾಟುವ ನೇರ ರಸ್ತೆ. ಗಾಳಿಯಂತ್ರಗಳ ಗುಡ್ಡ. ಈ ತುದಿಯಲ್ಲಿ ಮಳೆ ಹೊಯ್ಯುತ್ತಿದ್ದರೆ ಆ ತುದಿಯಲ್ಲಿ ಬಿಸಿಲು ಕಾಯುವಷ್ಟು ಉದ್ದದ ಸೇತುವೆ. ಅಷ್ಟರಲ್ಲಿ ಸಾಮಾನು ಬಂತು, ಲಿಫ್ಟು ಏರಿತು, ಬಾಗಿಲು ತೆರೆಯಿತು. ಮುದುಕ ಹೊರಗೆ ಬಂದವರೇ, "ತಡಿಯಪ್ಪ, ಸೇತುವೆ ಇನ್ನೂ ಮುಗಿದಿಲ್ಲ" ಅಂದರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಡಲು ಮುಟ್ಟಿದ ಮೇಲೆಯೇ ಎದ್ದದ್ದು.

ಆ ಸಂಜೆ ಲಿಫ್ಟಣ್ಣ ಚಪ್ಪಲಿ ಬಿಡುವ ಮೊದಲೇ ಘೋಷಿಸಿದ: "ಮೇಲೆ ಕೆಳಗೆ ಓಡಾಡಿದ್ದು ಸಾಕಾಯ್ತು. ಈ ರಜೆಗೆ ನಾವೆಲ್ಲ ಉದ್ದಕ್ಕೆ ಹೋಗೋಣ!"

ಅವಳಿ ಗಂಡುಮಕ್ಕಳು, ಆರು ವರ್ಷದವರು, ಎಲ್ಲಿಗೆ ಎಂದು ಕೇಳದೆಯೇ ಸೋಫಾದ ಮೇಲೆ ಹತ್ತಿ ಕುಣಿದರು. ಹನ್ನೊಂದರ ಮಗಳು ಓಡಿಹೋಗಿ ಶಾಲೆಯ ಭೂಪಟ ತಂದು ನೆಲದ ಮೇಲೆ ಹರಡಿದಳು. ಅಪ್ಪ ತೋರಿಸಿದ ಆ ಕಡಲವರೆಗೆ ದಾರ ಇಟ್ಟು ಅಳೆದು, ಗುಣಿಸಿ, "ಹೋಗಿ ಬರೋಕೆ ಎರಡು ಸಾವಿರದ ಎಂಟುನೂರು ಕಿಲೋಮೀಟರ್" ಎಂದಳು. ಆ ಗಳಿಗೆಯಿಂದ ಅವಳು ಮನೆಯಲ್ಲಿ ಕ್ಯಾಪ್ಟನ್.

ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಸಮಯ ಗೊತ್ತು ಮಾಡುವವಳು. ಅವಳ ದಿನವೆಲ್ಲ ಕಾಲು ಕಾಲು ಗಂಟೆಯ ಚೌಕಗಳಲ್ಲಿ ಕಳೆಯುತ್ತಿತ್ತು.

"ರೀ, ನಮ್ಮ ಕಾರಿಗೆ ಎಷ್ಟು ವರ್ಷ ಅಂತ ಗೊತ್ತಾ?"

"ಗೊತ್ತು. ಅದಕ್ಕಿಂತ ಹಳೇ ಲಿಫ್ಟುಗಳನ್ನ ಓಡಿಸ್ತಿದೀನಿ ನಾನು."

"ಮತ್ತೆ ನಮ್ಮಮ್ಮ?"

ಎಲ್ಲರೂ ಅಡುಗೆಮನೆಯ ಬಾಗಿಲತ್ತ ನೋಡಿದರು. ಅತ್ತೆಯವರಿಗೆ ಅರವತ್ತೆಂಟು. ಬಸ್ಸಿನ ಹೊಗೆ ಕಂಡರೆ ಸಾಕು ಹೊಟ್ಟೆ ತೊಳಸುತ್ತದೆ ಎಂದು ನಲವತ್ತು ವರ್ಷದಿಂದ ಊರು ಬಿಟ್ಟು ಕದಲಿದವರಲ್ಲ. ಅವರು ಕೈ ಒರೆಸಿಕೊಳ್ಳುತ್ತ ಬಂದು ಭೂಪಟದ ಆ ತುದಿಯನ್ನು ಕಾಲ ಹೆಬ್ಬೆರಳಲ್ಲಿ ತೋರಿಸಿ, "ಅಲ್ಲಿವರೆಗೂ ವಾಂತಿ ಮಾಡ್ಕೊಂಡೇ ಬರ್ತೀನಿ. ಬಿಟ್ಟು ಹೋದ್ರೆ ನೋಡಿ ಮತ್ತೆ!" ಅಂದರು.

ಮರುದಿನದಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹೆಂಡತಿ ಹನ್ನೊಂದು ದಿನದ ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. "ಹತ್ತೂ ಕಾಲಿನಿಂದ ಹತ್ತೂವರೆ: ಶೌಚ. ಹತ್ತೂವರೆಯಿಂದ ಹತ್ತೂ ಮುಕ್ಕಾಲು: ಕಿತ್ತಳೆ ಹಣ್ಣು." ಅವಳಿಗಳು ದಾರಿಯಲ್ಲಿ ನೋಡಬೇಕಾದ್ದರ ತಮ್ಮದೇ ಪಟ್ಟಿ ಮಾಡಿ ಅದರ ಪಕ್ಕಕ್ಕೆ ಅಂಟಿಸಿದರು: ಸುರಂಗ, ರೈಲು, ಒಂದು ನಿಜವಾದ ಕಳ್ಳ. ಲಿಫ್ಟಣ್ಣನ ಕಾಲಂತೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹನ್ನೆರಡನೇ ಮಹಡಿಯ ಯಂತ್ರದ ಕೋಣೆಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಹೆಂಡತಿಗೆ ಫೋನ್ ಮಾಡುತ್ತಿದ್ದ: "ನೋಡೇ, ಘಟ್ಟದ ಮೇಲೆ ಚಳಿ ಇರುತ್ತಂತೆ, ಸ್ವೆಟರ್ ಬರ್ಕೊಂಡ್ಯಾ?" ಅವಳು ಪಿಸುಗುಟ್ಟುತ್ತಿದ್ದಳು: "ಮುಂದೆ ಹದಿನಾಲ್ಕು ಜನ ಕಣ್ಣಿಗೆ ಔಷಧಿ ಹಾಕ್ಕೊಂಡು ಕೂತಿದಾರೆ. ಫೋನ್ ಇಡಿ." ಇಟ್ಟ ಮೇಲೆ ಸ್ವೆಟರ್ ಎಂದು ಬರೆದುಕೊಳ್ಳುತ್ತಿದ್ದಳು.

ಹೊರಡಲು ಮೂರು ವಾರವಿದ್ದಾಗ ಭಾನುವಾರ ಒಂದು ತಾಲೀಮು ನಡೆಯಬೇಕೆಂದು ಕ್ಯಾಪ್ಟನ್ ಆಜ್ಞೆ ಹೊರಡಿಸಿದಳು. ಕಟ್ಟಡದ ಕೆಳಗೆ ನಿಂತ ಕಾರಿನಲ್ಲೇ ಮೂರು ಗಂಟೆ ಕೂರುವುದು. ನಿಲ್ದಾಣ ಬರುವವರೆಗೆ ಯಾರೂ ಇಳಿಯುವಂತಿಲ್ಲ. ಒಂಬತ್ತಕ್ಕೆ ಸರಿಯಾಗಿ ಆರೂ ಜನ ಸಾಮಾನು ಸಮೇತ ಹತ್ತಿದರು. ಲಿಫ್ಟಣ್ಣ ಸ್ಟೀರಿಂಗ್ ಹಿಡಿದು ಬಾಯಲ್ಲೇ ಎಂಜಿನ್ ಸದ್ದು ಮಾಡಿದ. ಹಾಲಿನವನು ನಿಂತು ನೋಡಿದ. ಎದುರು ಮನೆಯ ಮೇಷ್ಟ್ರು ಬಾಲ್ಕನಿಗೆ ಕುರ್ಚಿಯನ್ನೇ ತಂದುಹಾಕಿಕೊಂಡರು.

"ಅಮ್ಮಾ, ಇವನ ಮೊಣಕೈ ನನ್ನ ಜಾಗಕ್ಕೆ ಬಂತು!"

"ಬಂದಿದ್ದು ಮೊಣಕೈ ಅಲ್ಲ, ಅಜ್ಜಿ ಚೀಲ!"

"ಅಪ್ಪಾ, ಇನ್ನೂ ಎಷ್ಟು ದೂರ?"

"ನೂರ ನಲವತ್ತು ಕಿಲೋಮೀಟರ್ ಆಯ್ತು" ಎಂದು ಕ್ಯಾಪ್ಟನ್ ಕೈಗಡಿಯಾರ ನೋಡಿ ಹೇಳುವುದಕ್ಕೂ ಕಾವಲುಗಾರ ಏದುಸಿರು ಬಿಡುತ್ತ ಓಡಿಬರುವುದಕ್ಕೂ ಸರಿಹೋಯಿತು. "ಲಿಫ್ಟಣ್ಣಾ, ನಮ್ಮ ಲಿಫ್ಟೇ ನಿಂತುಹೋಗಿದೆ! ಮೂರನೇ ಮಹಡಿ ಸಂಗೀತದ ಮೇಡಂ ಒಳಗಿದಾರೆ!"

ಲಿಫ್ಟಣ್ಣ ಬಾಗಿಲಿಗೆ ಕೈ ಹಾಕಿದ. "ಇಳಿಯೋ ಹಾಗಿಲ್ಲ" ಅಂದಳು ಮಗಳು.

"ಮೇಡಂ ಕೂಗ್ತಿದಾರೆ ಕಣೇ!"

ದೊಡ್ಡ ಅವಳಿ, ಎಂದರೆ ಎಂಟು ನಿಮಿಷ ಮೊದಲು ಹುಟ್ಟಿದವನು, ಯೋಚಿಸಿ ತೀರ್ಪು ಕೊಟ್ಟ: "ಪಂಕ್ಚರ್ ಅಂತ ಬರ್ಕೋ." ಪಂಕ್ಚರ್ ಎಂದು ದಾಖಲಾದ ಮೇಲೆ ಲಿಫ್ಟಣ್ಣ ಇಳಿದ. ಹತ್ತೇ ನಿಮಿಷದಲ್ಲಿ ಮೇಡಮ್ಮನ್ನು ಹೊರಗೆ ತಂದ. ಎಲ್ಲರೂ ಕಾರಿನಲ್ಲಿ ಕೂತ ಕಾರಣ ತಿಳಿದ ಮೇಡಂ ಕಾರಿನ ಕಿಟಕಿಯಲ್ಲಿ ಬಗ್ಗಿ, "ನನಗೂ ಜಾಗ ಇದೆಯಾ?" ಎಂದು ಕೇಳಿದರು. ಹೆಂಡತಿ ನಗು ತಡೆಯಲಾರದೆ ಸೀಟಿನಿಂದ ಜಾರಿ ಚೀಲಗಳ ನಡುವೆ ಕುಸಿದಳು.

ಮುಂದಿನ ಭಾನುವಾರ ಎರಡನೇ ತಾಲೀಮು, ಈ ಸಲ ಓಡುವ ಕಾರಿನಲ್ಲಿ, ಊರಾಚೆಯ ವರ್ತುಲ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್. ಮುಂದಿನ ಸೀಟಿನಲ್ಲಿ ಅತ್ತೆ, ತೊಡೆಯ ಮೇಲೆ ಬಕೆಟ್ಟು, ಎರಡೂ ಕೈಯಲ್ಲಿ ನಿಂಬೆಹಣ್ಣು. ಎಲ್ಲರ ಕಣ್ಣೂ ಅವರ ಮೇಲೆಯೇ. ಐದು ಕಿಲೋಮೀಟರ್, ಏನಿಲ್ಲ. ಎಂಟು, ಏನಿಲ್ಲ. ಹನ್ನೊಂದಕ್ಕೆ ಹಿಂದಿನಿಂದ ಸಣ್ಣ ದನಿ ಬಂತು: "ಅಪ್ಪಾ, ಗಾಡಿ ನಿಲ್ಸು." ಭೂಪಟದಲ್ಲೇ ಕಣ್ಣು ನೆಟ್ಟು ಕೂತಿದ್ದ ಕ್ಯಾಪ್ಟನ್ನಿನ ಮುಖ ಬೆಳ್ಳಗಾಗಿತ್ತು. ಅಜ್ಜಿಯ ಬಕೆಟ್ಟು ಸರಿಯಾದ ಗಳಿಗೆಗೆ ಹಿಂದಕ್ಕೆ ದಾಟಿತು.

ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಹುಡುಗಿ ಬಿಕ್ಕಿದಳು. "ನಾನು ಕ್ಯಾಪ್ಟನ್ ಆಗೋಕೆ ನಾಲಾಯಕ್ಕು. ಬೇರೆಯವರನ್ನ ನೋಡ್ಕೊಳ್ಳಿ." ಸಿಕ್ಕಿಬಿದ್ದವರಿಗೆ ಧೈರ್ಯ ಹೇಳಿ ಹೊಟ್ಟೆ ಹೊರೆಯುವವನು ಮಗಳ ಮುಂದೆ ಬರೀ ಬಕೆಟ್ಟು ತೊಳೆಯುತ್ತ ನಿಂತ. ಅತ್ತೆಯೇ ಸೆರಗಿನಿಂದ ಅವಳ ಮುಖ ಒರೆಸಿದರು.

"ನೋಡು ಮರಿ, ನನಗೆ ಹೊಟ್ಟೆ ಗಟ್ಟಿ, ಕಣ್ಣು ಮಂಜು. ನಿನಗೆ ಕಣ್ಣು ಚುರುಕು, ಹೊಟ್ಟೆ ಸ್ವಲ್ಪ ತರಲೆ. ಭೂಪಟ ನಾನು ಹಿಡ್ಕೋತೀನಿ. ನೀನು ಕಿಟಕಿಯಾಚೆ ನೋಡ್ಕೊಂಡು ಬೋರ್ಡ್ ಓದಿ ಹೇಳು. ಇಬ್ಬರೂ ಸೇರಿದ್ರೆ ಒಬ್ಬ ಪೂರ್ತಿ ಕ್ಯಾಪ್ಟನ್."

"ಅಜ್ಜಿ, ನಿಮಗೆ ಯಾಕೆ ವಾಂತಿ ಬರ್ಲಿಲ್ಲ?" ಎಂದ ಚಿಕ್ಕ ಅವಳಿ, ತುಸು ನಿರಾಶೆಯಿಂದ.

"ನನಗೇನು ಗೊತ್ತೋ! ನಲವತ್ತು ವರ್ಷ ಸುಮ್ಮನೆ ಮನೇಲಿ ಕೂತಿದ್ನಲ್ಲೋ!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ಕ್ಯಾಪ್ಟನ್ನೂ ಮೂಗು ಒರೆಸಿಕೊಳ್ಳುತ್ತ ನಕ್ಕಳು. ಉಳಿದ ಇಪ್ಪತ್ತೊಂಬತ್ತು ಕಿಲೋಮೀಟರ್ ಅವಳು ಒಂದು ಬೋರ್ಡನ್ನೂ ಬಿಡದೆ ಓದಿದಳು, ಟೈರ್ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ.

ಕೊನೆಗೂ ಆ ದಿನ ಬಂತು. ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಬರೆದಿತ್ತು, ಆರಕ್ಕೇ ಹೊರಟರು. ಹೆಂಡತಿಯ ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವಳ ಕಳೆ. ಊರಿನ ಕೊನೆಯ ಪೆಟ್ರೋಲ್ ಬಂಕು ದಾಟಿತು, ವರ್ತುಲ ರಸ್ತೆ ದಾಟಿತು. ಆಮೇಲಿನದೆಲ್ಲ ಲಿಫ್ಟಣ್ಣ ಕಣ್ಣಾರೆ ಕಾಣದ ರಸ್ತೆ. ಅದು ಎಲ್ಲಿಯೂ ನಿಲ್ಲದೆ ಮುಂದಕ್ಕೇ ಹೋಗುವುದನ್ನು ಕಂಡು ಅವನಿಗೆ ಹಾಡಬೇಕೆನಿಸಿತು. ಹಾಡಿಯೂ ಬಿಟ್ಟ, ಶ್ರುತಿ ತಪ್ಪಿ.

ಹೊರಟು ಮುಕ್ಕಾಲು ಗಂಟೆಯಾಗಿರಬಹುದು. ದಾರಿ ಕವಲೊಡೆಯುವಲ್ಲಿ ಒಂದು ಬಣ್ಣ ಮಾಸಿದ ಹಲಗೆ. ಕ್ಯಾಪ್ಟನ್ ಓದಿದಳು: "ಎಡಕ್ಕೆ ನಾಲ್ಕು ಕಿಲೋಮೀಟರ್. ಉಷ್ಟ್ರಪಕ್ಷಿ ಸಾಕಣೆ ಕೇಂದ್ರ. ಮರಿಗಳನ್ನು ಮುಟ್ಟಬಹುದು."

ಅವಳಿಗಳು ಸೀಟಿನ ಮೇಲೆ ಎದ್ದು ನಿಂತೇಬಿಟ್ಟರು.

"ಭೂಪಟದಲ್ಲಿ ಇಲ್ಲವಲ್ಲ" ಅಂದರು ಅತ್ತೆ, ಅದನ್ನು ತಲೆಕೆಳಗೆ ಹಿಡಿದುಕೊಂಡು.

ಲಿಫ್ಟಣ್ಣ ವೇಗ ತಗ್ಗಿಸಿ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಅವಳು ವೇಳಾಪಟ್ಟಿ ನೋಡಿದಳು. ಆರೂ ಮುಕ್ಕಾಲಿನಿಂದ ಏಳು: ಬಿಸ್ಕತ್ತು. ಅವಳಿಗಳು ಅವಳ ಎರಡೂ ಭುಜದ ಮೇಲೆ ಗಲ್ಲ ಇಟ್ಟು ಕಾಯುತ್ತಿದ್ದರು.

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ತೊಡೆಯ ಕೆಳಗೆ ಹಾಕಿ ಕೂತಳು.

"ರೀ, ಏನು ನೋಡ್ತಿದೀರಾ? ತಿರುಗಿಸಿ!"