ಕನಸಿನಲ್ಲಿ ಕೇಳಿಸಿಕೊಂಡ ಕ್ಷಮಾಪಣೆ

ಆಕಳಿಕೆಗೆ ಜಾತಿಯಿಲ್ಲ, ಭಾಷೆಯಿಲ್ಲ, ಮರ್ಯಾದೆಯಂತೂ ಮೊದಲೇ ಇಲ್ಲ. ಸೇಲಂನ ಒಂದು ಕಾಲೇಜಿನಲ್ಲಿ ಜೀವಮಾನವಿಡೀ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತನಾದ ನನ್ನಷ್ಟು ತೆರೆದ ಬಾಯಿಗಳನ್ನು ಎದುರಾಬದುರಾಗಿ ಕಂಡವರು ಹಲ್ಲಿನ ವೈದ್ಯರಲ್ಲೂ ವಿರಳವಿರಬೇಕು. ತುಟಿ ಬಿಗಿಹಿಡಿದು ಮೂಗಿನಿಂದ ಹೊರಬಿಡುವ ವಿನೀತ ಆಕಳಿಕೆ, ಪುಸ್ತಕದ ಮರೆಯಲ್ಲಿ ನಡೆಯುವ ಗುಪ್ತ ಆಕಳಿಕೆ, ಕೊನೆಯ ಬೆಂಚಿನ ಬಹಿರಂಗ ಆಕಳಿಕೆ, ಹೀಗೆ ಅವುಗಳ ವರ್ಗೀಕರಣವನ್ನು ನಾನು ಸಸ್ಯಗಳಿಗಿಂತ ಚೆನ್ನಾಗಿ ಮಾಡಬಲ್ಲೆ. ಅವು ನನ್ನನ್ನು ಎಂದೂ ನೋಯಿಸಲಿಲ್ಲ. ಮಧ್ಯಾಹ್ನದ ಹೊತ್ತು, ಸೇಲಂನ ಸೆಕೆ, ಪಾಚಿಗಳ ಸಂತಾನೋತ್ಪತ್ತಿ ಎಂಬ ಪಾಠ, ಈ ಮೂರೂ ಕೂಡಿದಾಗ ಆಕಳಿಸದವನ ಆರೋಗ್ಯವನ್ನೇ ಅನುಮಾನಿಸಬೇಕು. ತಪ್ಪು ಪಾಚಿಗಳದು, ನನ್ನದಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ನಾನು ಕ್ಷಮಿಸಲಾರದೆ ಹೋದದ್ದು ಒಂದೇ ಒಂದು ಆಕಳಿಕೆಯನ್ನು. ಅದು ನನ್ನ ತಂಗಿ ಜಯಮ್ಮನ ಗಂಡ ಮುನಿರಾಜುವಿನದು. ಪಾಲಕೋಡಿನ ಟೊಮ್ಯಾಟೊ ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಹಿಗ್ಗಿದ ಕಂಠ ಅವನದು. ಅವನು ಪಿಸುಗುಟ್ಟಿದರೂ ನಾಲ್ಕು ಮನೆಗೆ ಕೇಳಿಸುತ್ತದೆ. ಮಾರಂಡಹಳ್ಳಿಯಲ್ಲಿ ಅವನು ಕಟ್ಟಿಸಿದ ಮನೆಯ ಗೃಹಪ್ರವೇಶದ ದಿನ ಯಾರೋ ಪುಣ್ಯಾತ್ಮರು ನನ್ನನ್ನು ಎರಡು ಮಾತು ಆಡಲು ಕೇಳಿಕೊಂಡರು. ಪ್ರಿಯ ಓದುಗರೇ, ನನ್ನ ಕನ್ನಡದ ಬಗ್ಗೆ ನಿಮಗೆ ಒಂದು ವಿಷಯ ತಿಳಿಸಬೇಕು. ನಮ್ಮ ಕಡೆ ಕನ್ನಡವನ್ನು ಮಾತನಾಡುತ್ತಾರೆಯೇ ಹೊರತು ಓದುವವರಿಲ್ಲ. ಶಾಲೆಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷು, ಅಡುಗೆಮನೆಯಲ್ಲಿ ಮಾತ್ರ ಕನ್ನಡ. ನನಗೆ ಮಾತ್ರ ತಂದೆ ಹಟ ಹಿಡಿದು ಅಕ್ಷರ ತಿದ್ದಿಸಿದರು. ಅಂದಿನಿಂದ ಸಿಕ್ಕಿದ ಪುಸ್ತಕಗಳನ್ನೆಲ್ಲ ಓದಿ ನಾನು ಸಂಪಾದಿಸಿದ ಗ್ರಾಂಥಿಕ ಭಾಷೆ, ಸುತ್ತಮುತ್ತ ಕೇಳುವವರೇ ಇಲ್ಲದ ಕಾರಣ, ಪೆಟ್ಟಿಗೆಯಲ್ಲಿಟ್ಟ ಪೀತಾಂಬರದ ಹಾಗೆ ಮಡಿಕೆ ಮಾಸದೆ ಉಳಿದಿತ್ತು. ಅದನ್ನು ಅಂದು ಬಿಚ್ಚಿದೆ. ಗೃಹವೆಂಬುದು ಕೇವಲ ಇಟ್ಟಿಗೆ ಸಿಮೆಂಟುಗಳ ಸಂಯೋಜನೆಯಲ್ಲ, ಅದು ಸಂಸ್ಕಾರಗಳ ಸಂಗಮಸ್ಥಾನ ಎಂದು ಪೀಠಿಕೆ ಹಾಕಿ, ಸಂಸ್ಕಾರ ಎಂಬ ಪದದ ನಿಷ್ಪತ್ತಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುನಿರಾಜು ಬಾಯಿಗೆ ಕೈ ಕೂಡ ಅಡ್ಡ ಹಿಡಿಯದೆ, ಸದ್ದು ಸಮೇತ ಆಕಳಿಸಿದ.

ಅಷ್ಟಕ್ಕೇ ಬಿಟ್ಟಿದ್ದರೆ ಮಂಡಿಯ ದಣಿವು ಎಂದುಕೊಳ್ಳುತ್ತಿದ್ದೆ. ಅವನು ನೆಂಟರ ಕಡೆ ತಿರುಗಿ, "ಯಾರಿಗಾನ ನಿದ್ದೆ ಬರ್ಲಿಲ್ಲಾಂದ್ರೆ ಮಾತ್ರೆ ಗೀತ್ರೆ ವೇಣ್ಡಾಂ. ನಮ್ ಬಾವುನ್ ಕರ್ಕೊಂಡೋಗಿ ಎರಡು ಮಾತು ಆಡ್ಸಿ, ಸಾಕು. ನಂಗಂತೂ ಆಗ್ಲೇ ಬಂದ್ಬುಡ್ತು," ಎಂದ. ಚಪ್ಪರವಿಡೀ ನಕ್ಕಿತು. ನನ್ನಾಕೆಯೂ ನಕ್ಕಳೆಂಬುದಕ್ಕೆ ಸಾಕ್ಷಿಗಳಿದ್ದಾರೆ. ನಾನು ಎಲೆಯ ಮುಂದೆ ಕೂರದೆ ಹೊರಟುಬಂದೆ, ಅದಿಯಮಾನ್‌ಕೋಟೆಯ ಹತ್ತಿರ ಬಸ್ಸು ನಿಂತಾಗ ಒಣಗಿದ ಬನ್ನೊಂದನ್ನು ತಿಂದೆ, ಮತ್ತು ಆ ಮೂರ್ಖನು ತಾನಾಗಿ ಬಂದು ಕ್ಷಮೆ ಕೇಳುವ ತನಕ ಅವನ ಹೊಸ್ತಿಲು ತುಳಿಯುವುದಿಲ್ಲ ಎಂದು ಆ ಬನ್ನಿನ ಸಾಕ್ಷಿಯಾಗಿ ಶಪಥ ಮಾಡಿದೆ. ಕೆಲವು ವರ್ಷಗಳೇ ಕಳೆದವು. ಮುನಿರಾಜು ಬರಲಿಲ್ಲ, ಟೊಮ್ಯಾಟೊ ಬುಟ್ಟಿ ಮಾತ್ರ ತಂಗಿಯ ಕೈಯಲ್ಲಿ ಬರುತ್ತಿತ್ತು. ಅದನ್ನು ನಾನು ಮುಟ್ಟುತ್ತಿರಲಿಲ್ಲ, ಸಾರಿನಲ್ಲಿ ಬಂದರೆ ತಿನ್ನುತ್ತಿದ್ದೆ.

ಇಷ್ಟೇ ಆಗಿದ್ದರೆ ಈ ಪ್ರಬಂಧಕ್ಕೆ ಕಾರಣವಿರಲಿಲ್ಲ. ಆದರೆ ಅವನ ಮಗಳು ಕವಿತಾ ಸೇಲಂನಲ್ಲಿ ಓದುವಾಗ ನಮ್ಮ ಮನೆಯಲ್ಲೇ ಇದ್ದು ಬೆಳೆದವಳು, ಈಗಲೂ ನಮ್ಮಲ್ಲೇ ಇದ್ದಳು. ಅವಳಿಗೆ ಧರ್ಮಪುರಿಯ ಗಂಡು ಗೊತ್ತಾಯಿತು. ನಮ್ಮವರಲ್ಲಿ ತಾಂಬೂಲ ಬದಲಾಯಿಸುವ ದಿನ ಹುಡುಗಿಯ ಸೋದರಮಾವ ಹಣ್ಣು, ಹೂವು, ಸೀರೆಯ ತಟ್ಟೆ ಹಿಡಿದು ಮುಂದೆ ನಿಂತು, ಈ ಹೆಣ್ಣನ್ನು ಕೊಡಲು ನಮಗೆ ಒಪ್ಪಿಗೆ ಎಂದು ತನ್ನ ಬಾಯಿಂದ ಹೇಳಬೇಕು. ಅವಳಿಗಿರುವ ಸೋದರಮಾವ ನಾನೊಬ್ಬನೇ. ಮುನಿರಾಜುವಿನ ಕಡೆಯಿಂದ ಬಂದ ಆಹ್ವಾನವಾದರೂ ಹೇಗಿತ್ತು? "ಬಂದ್ರೆ ಬರ್ಲಿ, ಅವರ ಮನೇಲೇ ಬೆಳೆದ ಮಗಾ ತಾನೇ," ಎಂದು ತಂಗಿಯ ಕೈಲಿ ಹೇಳಿಕಳಿಸಿದ್ದ. ನಾನು ಬರುವುದಿಲ್ಲ ಎಂದೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎಂದು ನನ್ನಾಕೆ ಗಾದೆ ಹೇಳಿದಳು. ಗಾದೆಗಳ ಮೇಲೆ ನನಗೆ ಮೊದಲಿನಿಂದಲೂ ತಾತ್ಸಾರ.

ಆಗ ಕವಿತಾ ಬೇಸತ್ತು ಹೇಳಿದ ಮಾತು ಇದು: "ಮಾಮ, ನಮ್ಮಪ್ಪ ನಿಜದಾಗೆ ಸಾರಿ ಕೇಳೋ ಆಳಲ್ಲ. ನೀವು ಕನಸಲ್ಲಾನ ಕೇಳಿಸ್ಕೊಂಡ್ಬುಡಿ. ಅದಕ್ಕೂ ಈಗ ಕ್ಲಾಸ್ ಐತೆ." ಹಾಗೆಂದು ತನ್ನ ಮೊಬೈಲನ್ನು ನನ್ನ ಕೈಗಿತ್ತಳು. ಅದರೊಳಗೆ ಗಡ್ಡ ಬಿಟ್ಟ ಯುವಕನೊಬ್ಬ, ಕನಸು ಕಾಣುತ್ತಿರುವಾಗಲೇ ಇದು ಕನಸೆಂದು ಅರಿತು ಅದನ್ನು ಇಷ್ಟಬಂದಂತೆ ನಡೆಸುವ ವಿದ್ಯೆಯನ್ನು ಗಹನವಾದ ಮುಖಮುದ್ರೆಯಿಂದ ತಮಿಳಿನಲ್ಲಿ ಬೋಧಿಸುತ್ತಿದ್ದ. ಏನು ಕಾಲ ಬಂತು ನೋಡಿ. ಎಚ್ಚರವಾಗಿರುವಾಗ ಎದುರಿಗಿದ್ದವರನ್ನೇ ನೋಡದೆ ಮೊಬೈಲಿಗೆ ತಲೆಬಾಗಿ ನಡೆಯುವ ಜನಕ್ಕೆ ನಿದ್ದೆಯಲ್ಲಿ ಎಚ್ಚರವಾಗಿರುವ ಚಪಲ. ನಮ್ಮ ಅಜ್ಜಿಯ ಕಾಲದಲ್ಲಿ ಕನಸಿಗೆ ಅರ್ಥ ಕೇಳುತ್ತಿದ್ದರು; ಹಾವು ಕಂಡರೆ ಹರಕೆ, ಹಲ್ಲು ಬಿದ್ದರೆ ಸಾವು, ಅಲ್ಲಿಗೆ ಮುಗಿಯಿತು. ಈಗ ಕನಸಿಗೂ ಚಾಲಕನ ಪರವಾನಗಿ ಬೇಕು. ಆ ಗಡ್ಡಧಾರಿಯ ಪ್ರಕಾರ ಹಗಲಿನಲ್ಲಿ ಆಗಾಗ ಕೈಬೆರಳುಗಳನ್ನು ಎಣಿಸಿ, ಇದು ಕನಸೋ ನನಸೋ ಎಂದು ಪ್ರಶ್ನಿಸಿಕೊಳ್ಳಬೇಕು. ಅಭ್ಯಾಸಬಲದಿಂದ ಕನಸಿನಲ್ಲೂ ಎಣಿಸುತ್ತೀರಿ, ಅಲ್ಲಿ ಬೆರಳುಗಳ ಲೆಕ್ಕ ತಪ್ಪುತ್ತದೆ, ಆಗ ಜ್ಞಾನೋದಯ. ಉಪನಿಷತ್ತುಗಳಿಗೆ ಇಷ್ಟು ಸುಲಭದ ದಾರಿ ಹೊಳೆಯದೆ ಹೋದದ್ದು ಆಶ್ಚರ್ಯ.

ಇಷ್ಟೆಲ್ಲ ಹೀಯಾಳಿಸಿದ ನಾನು ಮರುದಿನವೇ ಬೆರಳು ಎಣಿಸತೊಡಗಿದೆ ಎಂದು ಹೇಳಲು ಸಂಕೋಚವಾಗುತ್ತದೆ. ಹಾಲಿನ ಬೂತಿನ ಮುಂದೆ ಎಣಿಸಿದೆ, ಸ್ನಾನದ ಮನೆಯಲ್ಲಿ ಎಣಿಸಿದೆ. ಹೊಸ ಬಸ್ ಸ್ಟ್ಯಾಂಡಿಗೆ ಹೋಗುವ ಟೌನ್ ಬಸ್ಸಿನಲ್ಲಿ ಎಣಿಸುತ್ತಿದ್ದಾಗ ಕಂಡಕ್ಟರು, "ಎನ್ನ ಸಾರ್, ವಿರಲ್ ಕಾಣೋಮಾ?" ಎಂದು, ಬೆರಳೇನಾದರೂ ಕಳೆದುಹೋಯಿತೇ ಎಂಬ ಕಳಕಳಿಯಿಂದ ವಿಚಾರಿಸಿದ. ತಾಂಬೂಲದ ದಿನ ಹತ್ತಿರವಾಗುತ್ತಿತ್ತು. ಕವಿತಾ ದಿನಕ್ಕೊಮ್ಮೆ ನನ್ನ ಮುಖ ನೋಡಿ, ಬಾಯಿ ತೆರೆದು, ಏನೂ ಕೇಳದೆ ಹೋಗುತ್ತಿದ್ದಳು. ಅದು ನನಗೆ ಬಾಧೆಯಾಗುತ್ತಿತ್ತು. ಆದರೆ ಬಾಧೆಗಿಂತ ನನ್ನ ಶಪಥ ದೊಡ್ಡದು ಎಂದುಕೊಂಡಿದ್ದೆ.

ಒಂದು ಭಾನುವಾರ ರಾಗಿಮುದ್ದೆ, ಅವರೆಕಾಳು ಸಾರು ಉಂಡು ಹಜಾರದಲ್ಲಿ ಚಾಪೆ ಹಾಸಿ ಮಲಗಿದೆ. ಮಲಗಿದವನು ಪಾಲಕೋಡಿನ ಮಂಡಿಯಲ್ಲಿ ನಿಂತಿದ್ದೆ. ಟೊಮ್ಯಾಟೊ ಕ್ರೇಟುಗಳ ಗೋಡೆ, ಕೊಳೆತ ಹಣ್ಣಿನ ಹುಳಿವಾಸನೆ, ಎಲ್ಲವೂ ಯಥಾವತ್ತು. ಕ್ರೇಟಿನ ಮೇಲೆ ಕುಳಿತಿದ್ದ ಮುನಿರಾಜು ಎದ್ದು, ಹೆಗಲ ಟವಲನ್ನು ಸೊಂಟಕ್ಕೆ ಕಟ್ಟಿ, ಕೈಜೋಡಿಸಿ ಹೀಗೆಂದ: "ಪೂಜ್ಯ ಭಾವನವರೇ, ಅಂದು ನಾನು ಅವಿವೇಕದಿಂದ ಆಡಿದ ನುಡಿಗಳು ತಮ್ಮ ಕೋಮಲ ಹೃದಯಕ್ಕೆ ಉಂಟುಮಾಡಿದ ಆಘಾತಕ್ಕಾಗಿ ನಾನು ತಮ್ಮಲ್ಲಿ ಸವಿನಯವಾಗಿ ಕ್ಷಮೆ ಯಾಚಿಸುತ್ತಿದ್ದೇನೆ."

ಬೆರಳು ಎಣಿಸುವ ಅಗತ್ಯವೇ ಬೀಳಲಿಲ್ಲ. ಏಳು ಜನ್ಮ ಎತ್ತಿದರೂ ಮುನಿರಾಜುವಿನ ಬಾಯಲ್ಲಿ 'ಯಾಚಿಸು' ಎಂಬ ಧಾತು ಹೊರಡದು. ಇದು ಕನಸು, ನಾನು ಕನಸಿನೊಳಗೆ ಎಚ್ಚರವಾಗಿದ್ದೇನೆ ಎಂದು ನಿಚ್ಚಳವಾಗಿ ತಿಳಿಯಿತು. ಮೈ ಜುಮ್ಮೆಂದಿತು. ಆ ಗಡ್ಡದವನು ಹೇಳಿದಂತೆ ಬೇಕೆಂದರೆ ಹಾರಬಹುದಿತ್ತು, ಏರ್ಕಾಡಿನ ಬೆಟ್ಟದ ಮೇಲೆ ತೇಲಬಹುದಿತ್ತು, ತೀರಿಕೊಂಡ ತಂದೆತಾಯಿಯನ್ನು ಕರೆಸಿ ಮಾತನಾಡಿಸಬಹುದಿತ್ತು. ಸಮಸ್ತ ಬ್ರಹ್ಮಾಂಡವೇ ಆಜ್ಞಾಧಾರಕವಾಗಿ ನಿಂತಿರುವಾಗ ಈ ಸಸ್ಯಶಾಸ್ತ್ರದ ಮೇಷ್ಟ್ರು ಮಾಡಿದ್ದೇನು? "ಇನ್ನೊಮ್ಮೆ ಹೇಳು," ಎಂದೆ.

ಅವನು ಹೇಳಿದ. ಕೇಳುವವರು ಸಾಲದೆನಿಸಿ ಗೃಹಪ್ರವೇಶದ ನೆಂಟರನ್ನೆಲ್ಲ ಕರೆಸಿ ಕ್ರೇಟುಗಳ ಮೇಲೆ ಕೂರಿಸಿದೆ, ನಕ್ಕವರನ್ನು ಮುಂದಿನ ಸಾಲಿನಲ್ಲಿ. ಮತ್ತೆ ಹೇಳಿಸಿದೆ. 'ಆಘಾತ' ಸಪ್ಪೆಯಾಯಿತೆಂದು 'ಮರ್ಮಾಘಾತ' ಮಾಡಿಸಿದೆ. 'ಅವಿವೇಕ'ಕ್ಕೆ 'ಅಹಂಕಾರಾಂಧಕಾರ' ಸೇರಿಸಿದೆ. ಅವನು ತಡವರಿಸದೆ ಒಪ್ಪಿಸುತ್ತಿದ್ದ, ಏಕೆಂದರೆ ಪ್ರತಿ ಪದವೂ ನನ್ನೊಳಗಿನಿಂದಲೇ ಹೊರಟು ಅವನ ಬಾಯಿಗೆ ಹೋಗುತ್ತಿತ್ತು. ಮುಂದಿನ ಪದ ಯಾವುದೆಂದು ನನಗೆ ಮೊದಲೇ ಗೊತ್ತಿತ್ತು. ವಾಕ್ಯ ಉದ್ದವಾಗುತ್ತ ಹೋಯಿತು. ಸಮಾಸದ ಮೇಲೆ ಸಮಾಸ ಬಂದು ಕೂತಿತು. ಯಾರನ್ನು ಕುರಿತ ಕ್ಷಮೆ, ಯಾವ ತಪ್ಪಿಗೆ ಎಂಬುದೇ ಮಸುಕಾಗತೊಡಗಿದಾಗ, ನನ್ನ ದವಡೆ ಮೆಲ್ಲಗೆ ಸಡಿಲವಾಗಿ, ಕಣ್ಣಂಚಿನಲ್ಲಿ ನೀರಾಡಿ, ನಾನು ಆಕಳಿಸಿದೆ. ನನ್ನ ಕನಸಿನಲ್ಲಿ, ನಾನೇ ರಚಿಸಿದ, ನನಗಾಗಿಯೇ ಸಲ್ಲುತ್ತಿದ್ದ ಕ್ಷಮಾಪಣೆಯನ್ನು ಕೇಳುತ್ತ ನನಗೆ ನಿದ್ದೆ ಬಂದಿತ್ತು.

ಆ ಆಕಳಿಕೆಯ ಸದ್ದಿಗೆ ನಾನೇ ಎಚ್ಚರಗೊಂಡೆ. ಹಜಾರದ ಬಾಗಿಲಲ್ಲಿ ಕವಿತಾ ನಿಂತಿದ್ದಳು. "ನಿದ್ದೇಲಿ ಆಕಳಿಸೋರ್ನ ನಾನು ಇವತ್ತೇ ನೋಡಿದ್ದು ಮಾಮ," ಎಂದಳು. ಅವಳ ಮುಖ ಕಂಡಾಗ ನನಗೆ ನಾಚಿಕೆಯಾಯಿತು. ಅಷ್ಟು ದೊಡ್ಡ ಮಂಡಿಯನ್ನು ಕಟ್ಟಿ, ಅಷ್ಟು ಜನರನ್ನು ತುಂಬಿಸಿ, ನಾನು ಇವಳಿಗೊಂದು ಕ್ರೇಟು ಹಾಕಿರಲಿಲ್ಲ. ಯಾರ ತಾಂಬೂಲದ ಹೆಸರಿನಲ್ಲಿ ಈ ಕ್ಷಮೆಯ ವ್ಯಾಜ್ಯ ನಡೆದಿತ್ತೋ ಅವಳೇ ನನ್ನ ಕನಸಿನಲ್ಲಿ ಇರಲಿಲ್ಲ. ಗಡ್ಡದವನ ವಿದ್ಯೆಯಿಂದ ನಾನು ಕಲಿತದ್ದು ಇಷ್ಟು, ಮತ್ತು ಇದನ್ನು ಅವನು ಕಲಿಸಿರಲಿಲ್ಲ. ಮುನಿರಾಜು ಅಂದು ಆಡಿದ ಮಾತು ಒರಟಾಗಿತ್ತು, ಆದರೆ ನಿಜವಾಗಿತ್ತು ಎಂಬುದನ್ನು ಪ್ರಯೋಗಪೂರ್ವಕವಾಗಿ ಸಾಧಿಸಿದವನೂ ನಾನೇ. ಕವಿತಾಳಿಗೆ, "ಬರ್ತೀನಮ್ಮ," ಎಂದೆ. ಅವಳು ಒಳಗೆ ಓಡಿಹೋಗಿ ನನ್ನಾಕೆಯ ಹತ್ತಿರ ಏನೋ ಹೇಳಿ ಅತ್ತಳು.

ತಾಂಬೂಲದ ದಿನ ಮಾರಂಡಹಳ್ಳಿಯ ಆ ಮನೆಯ ಹೊಸ್ತಿಲನ್ನು ತುಳಿದೆ. ಮುನಿರಾಜು, "ಬನ್ನಿ ಬಾವ, ಬಸ್ಸಲ್ಲಿ ಸೀಟ್ ಸಿಕ್ತಾ?" ಎಂದು, ನಿನ್ನೆ ಸಂಜೆ ಬೀಳ್ಕೊಟ್ಟವನ ಹಾಗೆ ಕೇಳಿದ. ಕ್ಷಮೆಯ ಸುಳಿವೂ ಇರಲಿಲ್ಲ. ದುರಹಂಕಾರಿ ಎಂದುಕೊಂಡೆ. ತಟ್ಟೆ ಹಿಡಿದು ಎದ್ದು ನಿಂತಾಗ ನಾನು ಕಲಿತ ಪಾಠವನ್ನು ಪಾಲಿಸಿದೆ. ಪೀತಾಂಬರವನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಮನೆಮಾತಿನಲ್ಲಿ, "ಈ ಮಗಾ ನಮ್ಮನೇಲೆ ಉಂಡು ಬೆಳೆದೈತೆ. ಕೊಡಾಕೆ ನಮಗೆ ಒಪ್ಪಿಗೆ ಐತೆ. ಚೆನ್ನಾಗಿ ನೋಡ್ಕೊಳ್ಳಿ," ಎಂದು ಹೇಳಿ ಕುಳಿತೆ. ಮುಂದಿನ ಸಾಲಿನಲ್ಲಿ ಯಾರೂ ಆಕಳಿಸಲಿಲ್ಲ. ನನ್ನ ವಿವೇಕಕ್ಕೆ ನಾನೇ ತಲೆದೂಗುತ್ತಿದ್ದಾಗ ಮುನಿರಾಜು ಬಾಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಅಂದರೆ, ಎಲ್ಲರಿಗೂ ಕೇಳಿಸಿತು.

"ಅಷ್ಟೇನಾ ಬಾವ? ನಾನು ಸಮ್ಮಂದಿಗಳ ತಾವ ಒಂದು ತಿಂಗಳಿಂದ ಹೇಳ್ಕೊಂಡು ತಿರುಗ್ತಿವ್ನಿ, ನಮ್ ಬಾವ ಬುಕ್ಕಲ್ಲಿರೋ ಥರಾನೇ ಮಾತು ಪೇಸ್ತಾರೆ, ಈ ಜಿಲ್ಲೇಲಿ ಅಂಥವ್ರು ಇನ್ನೊಬ್ರಿಲ್ಲ ಅಂತ. ನನ್ ಮಾನ ತೆಗೀಬ್ಯಾಡಿ, ಎದ್ದು ನಿಂತ್ಕೊಳ್ಳಿ."

ನಾನು ಅವನ ಮುಖವನ್ನೇ ನೋಡಿದೆ. ತಮಾಷೆಯ ಲವಲೇಶವೂ ಇರಲಿಲ್ಲ; ಮನುಷ್ಯ ನಿಜಕ್ಕೂ ಗಾಬರಿಯಾಗಿದ್ದ. ಇಂಥದೊಂದು ಮಾತನ್ನು ಅವನ ಬಾಯಲ್ಲಿ ಇಡಲು ನನಗೆ ಎಷ್ಟು ಕನಸುಗಳನ್ನು ಕೊಟ್ಟಿದ್ದರೂ ಹೊಳೆಯುತ್ತಿರಲಿಲ್ಲ. ಯಾರಿಗೂ ಕಾಣದಂತೆ ತಟ್ಟೆಯ ಕೆಳಗೆ ಬೆರಳುಗಳನ್ನು ಎಣಿಸಿಕೊಂಡೆ. ಐದೇ ಇದ್ದವು.

ಎದ್ದು ನಿಂತು, ದಾಂಪತ್ಯವೆಂಬುದು ಕೇವಲ ಎರಡು ದೇಹಗಳ ಸಹವಾಸವಲ್ಲ, ಅದು ಸಂಸ್ಕಾರಗಳ ಸಂಗಮ ಎಂದು ಆರಂಭಿಸಿದೆ. ಮುನಿರಾಜು ಗಂಡಿನ ತಂದೆಯ ಪಕ್ಕೆಗೆ ಮೊಣಕೈಯಿಂದ ತಿವಿದು, "ನೋಡಿದ್ರಾ, ಯೋಳ್ಲಿಲ್ವಾ?" ಎಂದ. ಕವಿತಾ ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಸಂಸ್ಕಾರ ಎಂಬ ಪದದ ನಿಷ್ಪತ್ತಿಗೆ ಬರುವಷ್ಟರಲ್ಲಿ, ಆ ದುರಹಂಕಾರಿಯ ಮುಖ ಹೆಮ್ಮೆಯಿಂದ ಅರಳುತ್ತ ಅರಳುತ್ತ ಹಾಗೆಯೇ ಬಾಯಿ ತೆರೆದು, ಸದ್ದು ಸಮೇತ ಒಂದು ದೀರ್ಘವಾದ ಆಕಳಿಕೆ ಹೊರಬಂತು. ನಾನು ಮಾತು ನಿಲ್ಲಿಸಲಿಲ್ಲ. ಆದರೆ ಆಕಳಿಕೆಯ ಗುಣ ನಿಮಗೆ ಗೊತ್ತೇ ಇದೆ. ನನ್ನ ವಾಕ್ಯ ಮುಗಿಯುವ ಮೊದಲೇ ಅದು ನನಗೂ ಅಂಟಿತು.