ಸೊಲ್ಲಾಪುರದಿಂದ ತೆರೆದ ಪುಟ

ನೇತ್ರಾ ಮಿರಜಿನಲ್ಲಿ ಹುಟ್ಟಿ ಬೆಳೆದವಳು. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಸಾಂಗ್ಲಿಯ ಸಣ್ಣ ಆಫೀಸೊಂದರಲ್ಲಿ ವೆಬ್‌ಸೈಟ್ ಮಾಡಿಕೊಡುವುದು ಅವಳ ಕೆಲಸ. ಅಪ್ಪ ಗುರುಸಿದ್ಧಪ್ಪನವರ ಅರಿಶಿನದ ಅಂಗಡಿಗೂ ಒಂದು ಸೈಟ್ ಮಾಡಿದ್ದಳು. ಪೇಟೆಯ ದರ ದಿನವೂ ಅದರಲ್ಲಿ ಬರುತ್ತಿತ್ತು.

ಅವ್ವ ಸರುಬಾಯಿ ತೀರಿಕೊಂಡ ಮೇಲೆ ಅವಳು ಅದರಲ್ಲೇ ಇನ್ನೊಂದು ಪುಟ ಸೇರಿಸಿದಳು. ಕೆಮ್ಮಿಗೆ ಅರಿಶಿನದ ಹಾಲು ಹೇಗೆ ಕಾಯಿಸಬೇಕು, ಉಪ್ಪಿನಕಾಯಿಗೆ ಎಷ್ಟು ಪುಡಿ ಹಾಕಬೇಕು ಎಂದು ಅವ್ವ ನಗುನಗುತ್ತ ಹೇಳಿದ್ದು ಫೋನಿನಲ್ಲಿ ಉಳಿದಿತ್ತು. ಆ ಧ್ವನಿಯನ್ನು ಅಲ್ಲಿಟ್ಟಳು. ಗಿರಾಕಿಗಳಿಗೆ ಅಂತ ಹೇಳಿದರೂ ನಿಜವಾಗಿ ಅದು ಅಕ್ಕ ಕಾಂಚನಳಿಗಾಗಿ.

ಕಾಂಚನಳನ್ನು ಕೊಟ್ಟದ್ದು ಸೊಲ್ಲಾಪುರಕ್ಕೆ. ಅವ್ವನಿಗೆ ಆಪರೇಶನ್ ಮಾಡಿಸಲೇಬೇಕೆಂದು ಪಟ್ಟು ಹಿಡಿದವಳು ಅವಳೇ. ಆಪರೇಶನ್ ಆದಮೇಲೆ ಅವ್ವ ಕಣ್ಣು ಬಿಡಲಿಲ್ಲ. ಮಣ್ಣು ಮಾಡಿ ಬಂದ ಸಂಜೆ, ಮನೆ ತುಂಬ ಜನ ಕೂತಿರುವಾಗ ಗುರುಸಿದ್ಧಪ್ಪನವರು, "ನಿನ್ನ ಹಠಕ್ಕಽ ಆಕಿ ಹೋದ್ಳು" ಎಂದುಬಿಟ್ಟರು. ಕಾಂಚನ ಚೀಲ ಹಿಡಿದು ಹೊರಟವಳು ಮತ್ತೆ ಹೊಸ್ತಿಲು ತುಳಿಯಲಿಲ್ಲ, ಫೋನ್ ಎತ್ತಲಿಲ್ಲ. ಅವ್ವನ ಪುಟದ ಲಿಂಕ್ ಕಳಿಸಿದಾಗಲೂ ಉತ್ತರ ಬರಲಿಲ್ಲ.

ಆಮೇಲೆ ಪಕ್ಕದ ಹಳ್ಳಿ ಖಂಡೇರಾಜುರಿಯ ರೈತರು ಸೈಟಿನ ಮೇಲೆ ದೂರು ಹೇಳತೊಡಗಿದರು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವುದರೊಳಗೆ ಚಹಾ ಕುಡಿದು ಬರಬಹುದು ಎಂಬುದು ಅವರ ಮಾತು. ನೇತ್ರಾ ಪ್ರೀರೆಂಡರಿಂಗ್ ಅಳವಡಿಸಿದಳು. ಯಾರಾದರೂ ದರ ನೋಡುತ್ತಿರುವಾಗಲೇ, ಮುಂದೆ ಒತ್ತಬಹುದಾದ ಪುಟಗಳನ್ನು ಬ್ರೌಸರ್ ತರಿಸಿಕೊಂಡು, ಪೂರ್ತಿ ಸಿದ್ಧಮಾಡಿ, ಕಾಣದಂತೆ ಇಟ್ಟುಕೊಳ್ಳುತ್ತದೆ. ಒತ್ತಿದ ಕೂಡಲೇ ಎದುರಿಗಿಡುತ್ತದೆ. ರೈತರ ದೂರು ನಿಂತಿತು.

ಕೆಲವೇ ದಿನಗಳಲ್ಲಿ, ಯಾವ ಊರಿನಿಂದ ಎಷ್ಟು ಸಲ ಪುಟ ತೆರೆಯಿತೆಂದು ಎಣಿಸುವ ಸೈಟಿನ ಕೌಂಟರಿನಲ್ಲಿ ನೇತ್ರಾ ಒಂದು ಸಂಗತಿ ಕಂಡಳು. ಅವ್ವನ ಪುಟ ಹಲವು ಊರುಗಳಿಂದ ತೆರೆಯತೊಡಗಿತ್ತು. ಸೊಲ್ಲಾಪುರದಿಂದಂತೂ ದಿನಾ ಬೆಳಿಗ್ಗೆ. ಉಳಿದ ಊರುಗಳು ಅವಳ ಕಣ್ಣಿಗೇ ಬೀಳಲಿಲ್ಲ. ಓಡಿಬಂದು ಅಪ್ಪನಿಗೆ ಹೇಳಿದಳು.

"ಕೇಳಾಕತ್ತಾಳಾ ಆಕಿ?" ಎಂದರು ಗುರುಸಿದ್ಧಪ್ಪನವರು. ಅಂದಿನಿಂದ ಊಟಕ್ಕೆ ಕೂತಾಗೆಲ್ಲ ಒಂದೇ ಪ್ರಶ್ನೆ: "ಇವತ್ತ ಕೇಳ್ಯಾಳೇನ?" ಹೌದು ಎಂದರೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವರು. ಕೊನೆಗೆ ಒಂದು ದಿನ ತಾವೇ ಪೇಟೆಗೆ ಹೋಗಿ ಮಗಳಿಗೆಂದು ಕುಪ್ಪಸದ ಖಣ ತಂದರು. "ರವಿವಾರ ಸೊಲ್ಲಾಪುರಕ್ಕ ಹೋಗೂಣು" ಎಂದರು.

ಆ ವಾರದಲ್ಲೇ ಆಫೀಸಿನ ಗೆಳೆಯ ಮಂಗೇಶ ಬೇರೊಂದು ಸೈಟಿನ ಲೆಕ್ಕ ನೋಡುತ್ತ ತಲೆ ಕೆರೆದುಕೊಂಡ. ಬ್ರೌಸರ್ ಮೊದಲೇ ಸಿದ್ಧಮಾಡಿಟ್ಟ ಪುಟಗಳನ್ನೂ ಕೌಂಟರ್ ಜನ ನೋಡಿದರೆಂದೇ ಎಣಿಸುತ್ತಿದೆ ಎಂದು ಮರಾಠಿಯಲ್ಲಿ ಹೇಳಿದ. ನೇತ್ರಾ ಕೂಡಲೇ ಅಪ್ಪನ ಸೈಟಿನ ಲೆಕ್ಕ ತೆರೆದಳು; ಅಲ್ಲೂ ಅದೇ ತಪ್ಪು. ಪುಟ ಎದುರಿಗೆ ಬಂದಾಗ ಮಾತ್ರ ಎಣಿಸುವಂತೆ ತನ್ನ ಸೈಟನ್ನು ಸರಿಪಡಿಸಿದಳು. ಮರುದಿನವೂ ಸೊಲ್ಲಾಪುರದಲ್ಲಿ ಯಾರೋ ವ್ಯಾಪಾರಿ ದರ ನೋಡಿದ್ದ. ಅವ್ವನ ಪುಟವನ್ನು ಯಾರೂ ನೋಡಿರಲಿಲ್ಲ.

ಇಷ್ಟು ದಿನ ಅಪ್ಪನಿಗೆ ಉಣಿಸಿದ್ದು ಸುಳ್ಳು. ಅದನ್ನು ನುಂಗಿಕೊಂಡು ಇರಲು ಅವಳಿಂದಾಗಲಿಲ್ಲ.

"ಅಪ್ಪಾ, ಅಕ್ಕ ಕೇಳಿಲ್ರಿ. ಪುಟ ತನ್ನಷ್ಟಕ್ಕ ತಾನಽ ಸಿದ್ಧ ಆಗತಿತ್ತು. ನಾ ತಪ್ಪ ತಿಳದೆ."

ಗುರುಸಿದ್ಧಪ್ಪನವರು, "ಒಂದ ಸಲಾನೂ ಇಲ್ಲೇನ?" ಎಂದರು. ಆಮೇಲೆ, "ಇರಲಿ. ಹೋಗೂದಂತೂ ಹೋಗೂಣು" ಎಂದರು.

ಸೊಲ್ಲಾಪುರದಲ್ಲಿ ಕಾಂಚನ ಬಾಗಿಲು ತೆರೆದಳು. ಬರ್ರಿ ಅನ್ನಲಿಲ್ಲ; ಬದಿಗೆ ಸರಿದು ನಿಂತಳು. ಅಪ್ಪ ಕೂರುವ ಮೊದಲೇ ಅಂದರು: "ಅವತ್ತ ನಾ ಆಡಿದ್ದು ತಪ್ಪಾತವ್ವಾ."

ನೇತ್ರಾ ಫೋನ್ ಮುಂದೆ ಹಿಡಿದಳು. "ಅಕ್ಕಾ, ಅವ್ವನ ಧ್ವನಿ ಐತಿ ಇದರಾಗ. ಕೇಳತೀ?"

"ಬ್ಯಾಡ, ತಂಗಿ. ಅವ್ವನ್ನ ನೆನಸಿದಾಗೆಲ್ಲ ನಂಗ ಅಪ್ಪನ ಮಾತಽ ಕೇಳಸ್ತೈತಿ. ಅದನ್ನ ದಾಟಿ ಅವ್ವನ ಹತ್ರ ಹೋಗಾಕ ನಂಗ ಆಗವಲ್ದು."

ಕಾಂಚನ ಚಹಾ ಕೊಟ್ಟಳು. ಎಲ್ಲರೂ ಕುಡಿದರು. ಅವರು ಹೊರಡುವಾಗ, ಅಪ್ಪ ಕೊಟ್ಟಿದ್ದ ಖಣವನ್ನು ಮಡಿಕೆ ಬಿಚ್ಚದೆ ಅವರ ಚೀಲದಲ್ಲೇ ತಿರುಗಿ ಇಟ್ಟಳು.

ತಿರುಗಿ ಬರುವಾಗ ಗಾಡಿ ಪಂಢರಪುರ ದಾಟಿತ್ತು. ಗುರುಸಿದ್ಧಪ್ಪನವರು ಮೆಲ್ಲಗೆ, "ನೋಡಿದಿ? ಚಾದಾಗ ಸಕ್ಕರಿ ಹಾಕಿರಲಿಲ್ಲ. ನಂಗ ಶುಗರ್ ಐತಂತ ಆಕಿ ಮರತಿಲ್ಲ" ಎಂದರು.

ನೇತ್ರಾಳ ಕಪ್ಪಿನಲ್ಲೂ ಸಕ್ಕರೆ ಇರಲಿಲ್ಲ. ಅಪ್ಪನಿಗೆಂದು ಬೇರೆ ಮಾಡಿದ್ದಲ್ಲ; ಕಾಂಚನ ತಾನು ಕುಡಿದದ್ದೂ ಅದೇ ಪಾತ್ರೆಯ ಚಹಾ.

"ಹೌದ್ರಿ ಅಪ್ಪಾ, ಮರತಿಲ್ಲ," ಎಂದು ನೇತ್ರಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.