ಕಲ್ಲುಮನೆಯ ಹಾಜರಿ

ಎಲ್ಡನ್ ಕ್ರಾಟ್ಸ್ ಕಲ್ಲುಮನೆಗೆ ಕಾರ್ಯದರ್ಶಿಯಾದದ್ದು ಮೂತ್ರಕ್ಕೆ ಹೋಗಿದ್ದಾಗ. ಮೂವತ್ತೈದು ವರ್ಷದ ಹಿಂದಿನ ಮಾತು. ಅವನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾಕೆಂದು ಕೇಳಿದ. ಹೇಳಿದರು. ಅಂದಿನಿಂದ ಸದಸ್ಯರ ಹೆಸರಿನ ದಪ್ಪ ಪುಸ್ತಕ ಅವನ ಮನೆಯ ಊಟದ ಮೇಜಿನ ಮೇಲೆಯೇ ಕೂತಿದೆ.

ನಮ್ಮ ಅಯೋವಾದ ಈ ಪುಟ್ಟ ಕಾಲೇಜು ಊರಿನಲ್ಲಿ ಓದುವ ಹುಡುಗರು ಒಟ್ಟಿಗೆ ವಾಸಿಸುವ ಸಂಘದ ಮನೆಗಳು ನಾಲ್ಕಾರಿವೆ. ಈ ಮನೆಯ ಬಾಗಿಲ ಮೇಲೂ ಮೂರು ಗ್ರೀಕ್ ಅಕ್ಷರಗಳಿವೆ, ಆದರೆ ಊರಿಗೆಲ್ಲ ಅದು ಕಲ್ಲುಮನೆ. ಒಂದು ಸಲ ಸೇರಿದವನು ಸಾಯುವ ತನಕ ಸಹೋದರ. ಅವನಿಗೊಂದು ಸಂಖ್ಯೆ, ಪುಸ್ತಕದಲ್ಲೊಂದು ಪುಟ. ಅವನ ಹುಟ್ಟುಹಬ್ಬಕ್ಕೆ ಕಾರ್ಯದರ್ಶಿ ಕೈಯಾರೆ ಬರೆದ ಒಂದು ಕಾರ್ಡು ಅವನು ಎಲ್ಲೇ ಇದ್ದರೂ ಹೋಗಬೇಕು. ಅಚ್ಚು ಹಾಕಿಸಿದ್ದು ನಡೆಯುವುದಿಲ್ಲ. ಈಗ ಬದುಕಿರುವವರು ನಾನೂರ ಮೂವತ್ತು ಚಿಲ್ಲರೆ. ಲೆಕ್ಕ ಹಾಕಿದರೆ ದಿನಕ್ಕೆ ಒಂದಕ್ಕಿಂತ ಹೆಚ್ಚು, ಕ್ರಿಸ್‌ಮಸ್ಸಿಗೂ ರಜೆಯಿಲ್ಲ.

ಮೊದಮೊದಲು ಎಲ್ಡನ್ ಒಬ್ಬೊಬ್ಬನಿಗೂ ಒಂದೊಂದು ತಮಾಷೆ ಬರೆಯುತ್ತಿದ್ದ. ಕೌಂಟಿಯ ರಸ್ತೆ ಇಲಾಖೆಯಲ್ಲಿ ಹಗಲೆಲ್ಲ ದುಡಿದು ಬಂದು, ನಗುತ್ತ ಬರೆಯುತ್ತಿದ್ದ. ಆಮೇಲಾಮೇಲೆ ತಮಾಷೆ ಬತ್ತಿತು. ಈಗ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಎಲ್ಲರಿಗೂ ಒಂದೇ ಸಾಲು, ಅದೂ ಸೊಟ್ಟ ಅಕ್ಷರದಲ್ಲಿ. ಐದು ವರ್ಷಕ್ಕೊಮ್ಮೆ ನಡೆಯುವ ಕೂಟದಲ್ಲಿ ಬೇರೆ ಯಾರಾದರೂ ವಹಿಸಿಕೊಳ್ಳಿ ಎಂದು ಅವನು ಕೇಳುವುದು, ಅವರು ಬೆನ್ನು ತಟ್ಟಿ ಇನ್ನೊಂದು ಬಿಯರ್ ಕೈಗಿಡುವುದು, ಇದೇ ಆಗಿತ್ತು. ಹೊಗಳಿ ಹೊಗಳಿ ಹೊರೆ ಹೊರಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಹೆಂಡತಿ ಮಾರ್ಲಿಸ್‌ಗೆ ಮಂಡಿ ಹಿಡಿದುಕೊಂಡು ನಾಲ್ಕು ವರ್ಷ. ಚಳಿಗಾಲ ಕಳೆಯಲು ಬಿಸಿಲಿನ ಅರಿಜೋನಾದಲ್ಲಿರುವ ತನ್ನ ತಂಗಿಯ ಮನೆಗೆ ಹೋಗೋಣವೆಂದು ಅವಳು ಹೇಳಿದಾಗಲೆಲ್ಲ ಅವನು ಪುಸ್ತಕ ತೋರಿಸುತ್ತಿದ್ದ. ಈ ಅಕ್ಟೋಬರ್ ಶನಿವಾರ, ಕಲ್ಲುಮನೆಯ ನೂರನೇ ವರ್ಷದ ಕೂಟಕ್ಕೆ ಅವನು ಟೈ ಕಟ್ಟಿಕೊಳ್ಳುತ್ತಿದ್ದಾಗ ಅವಳು ಅಡುಗೆಮನೆಯಿಂದ ಏಳದೆಯೇ ಹೇಳಿದಳು:

"ಆ ಪುಸ್ತಕ ವಾಪಸ್ ತಂದ್ರೆ ನಾನೊಬ್ಳೇ ಹೊರಡ್ತೀನಿ ಎಲ್ಡನ್. ಕೋಪ ಅಲ್ಲ, ಕಾಲು ನೋವು."

ಅವಳು ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಹುಲ್ಲಿನ ಮೇಲೆ ಶಾಮಿಯಾನ ಹಾಕಿದ್ದರು. ಹಂದಿಮಾಂಸದ ಬನ್ನು, ಆಲೂಗಡ್ಡೆ ಸಲಾಡು, ಬೀನ್ಸು. ಎರಡೂವರೆಗೆ ಫುಟ್‌ಬಾಲ್ ಪಂದ್ಯ ಇದ್ದುದರಿಂದ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಊಟದ ಕೊನೆಗೆ ಹಾಜರಿ. ಕಳೆದ ಕೂಟದಿಂದೀಚೆಗೆ ತೀರಿಕೊಂಡವರ ಸಂಖ್ಯೆಗಳನ್ನು ಕಾರ್ಯದರ್ಶಿ ಒಂದೊಂದಾಗಿ ಕೂಗುತ್ತಾನೆ. ಹೊಸದಾಗಿ ಸೇರುವ ಪ್ರತಿಯೊಬ್ಬನಿಗೂ ಮನೆಯಲ್ಲಿ ಒಬ್ಬ ಅಣ್ಣನನ್ನು ಗೊತ್ತುಮಾಡುವ ಪದ್ಧತಿಯಿದೆ; ಹೊಸಬ ಆ ಅಣ್ಣನಿಗೆ ತಮ್ಮ. ಸತ್ತವನ ಪರವಾಗಿ ಅವನ ಆ ತಮ್ಮ ಎದ್ದುನಿಂತು "ಬಂದಿದ್ದಾನೆ" ಎನ್ನಬೇಕು. ಅಂಥ ತಮ್ಮ ಯಾರೂ ಇಲ್ಲದಿದ್ದರೆ ಕಾರ್ಯದರ್ಶಿಯೇ ಹೇಳುತ್ತಾನೆ. ನಗುವವರೂ ಆಗ ತಲೆ ತಗ್ಗಿಸುತ್ತಾರೆ.

ಎಲ್ಡನ್ ಓದುತ್ತ ಹೋದ. ಹನ್ನೊಂದು ಹೆಸರು ಮುಗಿದವು.

"ನಾನೂರ ನಲವತ್ತೊಂಬತ್ತು. ರಸೆಲ್ ಹೋವ್ಲಂಡ್."

ಯಾರೂ ಏಳಲಿಲ್ಲ. ರಸೆಲ್‌ಗೆ ತಮ್ಮ ಇರಲಿಲ್ಲವೆಂದು ಪುಸ್ತಕದಲ್ಲೇ ಇತ್ತು. ಎಲ್ಡನ್ ತಾನೇ ಉತ್ತರ ಕೊಡಲು ಬಾಯಿ ತೆರೆದ.

"ಬಂದಿದೀನಿ," ಎಂದಿತು ಹಿಂದಿನ ಕಂಬದ ಹತ್ತಿರದ ಒಂದು ದನಿ.

ತಡವಾಗಿ ಬಂದು ನಿಂತೇ ಬನ್ನು ತಿನ್ನುತ್ತಿದ್ದ ಬಕ್ಕತಲೆಯವನೊಬ್ಬ ಕೈಯೆತ್ತಿದ್ದ. ರಸೆಲ್ ಹೋವ್ಲಂಡನೇ, ಸಾಕ್ಷಾತ್. ಶಾಮಿಯಾನವೇ ಹಾರಿಹೋಗುವಂಥ ನಗು. ಇನ್ಶೂರೆನ್ಸ್ ಮಾರಿ ಮಾರಿ ಮಾತು ಕಲಿತಿದ್ದ ಅಧ್ಯಕ್ಷ ಬ್ರೂಸ್ ಪೆನ್ನಿಂಗ್ ತಕ್ಷಣ ಮೈಕು ಹಿಡಿದ. ಸತ್ತವರನ್ನು ಬದುಕಿಸುವ ಕಾರ್ಯದರ್ಶಿ ಇನ್ನೆಲ್ಲಿ ಸಿಗುತ್ತಾನೆ, ಅವನಿಗೆ ಇನ್ನೈದು ವರ್ಷ ಕೊಡೋಣವೇ ಎಂದ. ಚಪ್ಪಾಳೆ ಬಿತ್ತು. ಕೆಲವರು ಆಗಲೇ ಕೋಟು ಹುಡುಕತೊಡಗಿದ್ದರು.

ಎಲ್ಡನ್ ಕೂರಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ನನ್ ಕೈಲಾಗಲ್ಲ ಬ್ರೂಸ್," ಎಂದ. "ಇದು ಯಾಕಾಯ್ತು ಗೊತ್ತಾ? ಇವನಿಗೆ ಕಳಿಸಿದ ಕಾರ್ಡು ವಾಪಸ್ ಬಂತು. ಪೇಪರಲ್ಲಿ ಇದೇ ಹೆಸರಿನವನು ಯಾರೋ ಸತ್ತಿದ್ದ, ವಯಸ್ಸೂ ಅಷ್ಟೇ. ಒಂದು ಫೋನ್ ಮಾಡ್ಬೇಕಿತ್ತು. ಬೇಜಾರಾಯ್ತು, ಮಾಡ್ಲಿಲ್ಲ. ಕೆಂಪು ಗೀಟು ಹಾಕ್ದೆ. ಸದ್ಯ, ಒಬ್ಬ ಕಮ್ಮಿ ಆದ ಅಂತ ಹಾಯಾಯ್ತು ನಂಗೆ. ಈ ಕೆಲಸ ಇಂಥವನ ಹತ್ರ ಇರಬಾರ್ದು."

ನಗು ನಿಂತಿತು. ಯಾರಾದರೂ ಇದ್ದೀರಾ ಎಂದು ಬ್ರೂಸ್ ಕೇಳಿದ. ಮುನ್ನೂರು ಜನ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಮೈದಾನದ ಕಡೆಯಿಂದ ಬ್ಯಾಂಡಿನ ಸದ್ದು ಬಂದದ್ದೇ ಅವರ ಪುಣ್ಯ; ನಾಳೆ ಮಾತಾಡೋಣ ಎಂದು ಒಬ್ಬೊಬ್ಬರಾಗಿ ಜಾರಿದರು. ಹತ್ತು ನಿಮಿಷದಲ್ಲಿ ಎಲ್ಡನ್ ಕಾಗದದ ತಟ್ಟೆಗಳ ನಡುವೆ ಪುಸ್ತಕದ ಮೇಲೆ ಕೈಯೂರಿ ಕುಳಿತಿದ್ದ. ಮಾರ್ಲಿಸ್‌ಗೆ ಏನು ಹೇಳುವುದೆಂದು ಅವನಿಗೆ ತೋಚಲಿಲ್ಲ. ಅಷ್ಟು ದಣಿವು ರಸ್ತೆಗೆ ಡಾಂಬರು ಹಾಕಿದ ದಿನಗಳಲ್ಲೂ ಆಗಿರಲಿಲ್ಲ.

ರಸೆಲ್ ಬಂದು ಎದುರಿನ ಕುರ್ಚಿಯಲ್ಲಿ ಕುಳಿತ. ಎಲ್ಡನ್ ಕ್ಷಮೆ ಕೇಳಲು ಹೊರಟ, ಅವನು ಬೇಡವೆಂದು ಕೈಯಾಡಿಸಿದ.

"ಹೆಂಡ್ತಿ ಡೊರೀನ್ ಹೋದ್ಮೇಲೆ ಮನೆ ಮಾರಿ ನದಿ ಹತ್ರ ಹೋದೆ. ವಿಳಾಸ ತಿಳಿಸ್ಲಿಲ್ಲ, ಅದು ನನ್ ತಪ್ಪು," ಎಂದ. "ಕಾರ್ಡು ನಿಂತೋಯ್ತು. ಹೆಂಡ್ತಿ ಸತ್ತಾಗ ನಿಮಗ್ಯಾರಿಗೂ ಹೇಳ್ಲಿಲ್ವಲ್ಲ, ಅದಕ್ಕೇ ನನ್ ಹೆಸರು ಹೊಡೆದುಹಾಕಿದ್ರು ಅಂದ್ಕೊಂಡಿದ್ದೆ. ಮೂರು ವರ್ಷ. ಕೇಳೇಬಿಡೋಣ ಅಂತ ಇವತ್ತು ಬಂದೆ."

"ಒಂದೇ ಸಾಲು ಬರೀತಿದ್ದೆ ಕಣೋ. ಎಲ್ಲರಿಗೂ ಅದೇ."

"ಗೊತ್ತು. ಆದ್ರೂ ಅಂಚೆಡಬ್ಬಿ ನೋಡ್ತಿದ್ದೆ."

ರಸೆಲ್ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. ದಿನಕ್ಕೆ ಒಂದಕ್ಕಿಂತ ಜಾಸ್ತಿಯಾಗುತ್ತದೆ, ಬೆರಳು ನೋಯುತ್ತದೆ, ಯಾರೂ ಉತ್ತರ ಬರೆಯುವುದಿಲ್ಲ ಎಂದು ಎಲ್ಡನ್ ಎಚ್ಚರಿಸಿದ. ತಗಲಿಹಾಕಿಕೊಂಡ ಮೇಲೆ ಬಯ್ಯಬಾರದೆಂದು ಎಲ್ಲವನ್ನೂ ಹೇಳಿದ.

"ಸತ್ತವನಿಗೆ ಇನ್ನೇನು ಕೆಲಸ ಇರುತ್ತೆ," ಎಂದ ರಸೆಲ್.

ಅವನು ತನ್ನ ಪುಟ ಹುಡುಕಿ ಕೆಂಪು ಗೀಟಿನ ಪಕ್ಕ ಹೊಸ ವಿಳಾಸ ಬರೆದ. ಹಾಗೇ ಮೂರು ಹಾಳೆ ಮಗುಚಿದ. ನಾನೂರ ಐವತ್ತೈದು, ಎಲ್ಡನ್ ಕ್ರಾಟ್ಸ್. ಮೇಲಿಂದ ಕೆಳಗೆ ಓದಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದ.

"ನಿಂದು ಹುಟ್ಟಿದ ದಿನಾನೇ ಇಲ್ವಲ್ಲೋ ಇದ್ರಲ್ಲಿ."

ಹಳೆಯ ಪುಸ್ತಕ ಹರಿದಾಗ ಎಲ್ಡನ್ನೇ ಎಲ್ಲವನ್ನೂ ಇದಕ್ಕೆ ನಕಲು ಮಾಡಿದ್ದ. ತನ್ನ ಪುಟಕ್ಕೆ ಬಂದಾಗ ಆ ಸಾಲು ಬೇಕೆನಿಸಿರಲಿಲ್ಲ. ತನಗೆ ತಾನೇ ಕಾರ್ಡು ಯಾರು ಕಳಿಸಿಕೊಳ್ಳುತ್ತಾರೆ?

"ಯಾವತ್ತು?" ಎಂದು ಕೇಳಿದ ರಸೆಲ್, ಪೆನ್ನಿನ ಮುಚ್ಚಳ ತೆಗೆದು.

ನಾನೂರು ಜನರ ಹುಟ್ಟಿದ ದಿನ ಎಲ್ಡನ್ನನ ನಾಲಿಗೆಯ ಮೇಲಿತ್ತು. ಅವನು ಕೈ ಚಾಚಿ ಪೆನ್ನು ತೆಗೆದುಕೊಂಡು, ಆ ಖಾಲಿ ಸಾಲಿನಲ್ಲಿ ತಾನೇ ಬರೆದ: ಫೆಬ್ರವರಿ ಒಂಬತ್ತು.